ಯಾವ ದೋಷವೂ ಕಂಡುಬಂದಿಲ್ಲ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಬಿನ ಮಾಲೀಕ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್ಸ್‌ಪೆಕ್ಟರ್ ಇನ್ನೂ ಟೋಪಿ ತೆಗೆದಿರಲಿಲ್ಲ. ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲು ಹಾಕಿಸಿಕೊಂಡು ರಕ್ತ, ಮೂತ್ರ, ಗಂಟಿನ ತುಣುಕು ಎಲ್ಲವನ್ನೂ ಪರೀಕ್ಷಿಸಿ ವರದಿ ಕೊಡುವ ಖಾಸಗಿ ಲ್ಯಾಬ್ ಅವನದು. ಊರಿನ ಅರ್ಧ ಜನರ ಕಾಯಿಲೆ ಅವನ ಕಂಪ್ಯೂಟರಿನಲ್ಲಿತ್ತು. ಯಾವಾಗಲೂ ಶರ್ಟಿನ ಇಸ್ತ್ರಿ ಮುರಿಯದ ಮನುಷ್ಯ, ಇವತ್ತು ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಬಂದಿದ್ದ.

"ನನ್ನ ಲ್ಯಾಬನ್ನ ಕೊಲೆ ಮಾಡಿದಾರೆ ಸಾರ್," ಅಂದ.

"ಲ್ಯಾಬನ್ನ ಕೊಲೆ ಮಾಡಿದ್ರೆ ಯಾವ ಸೆಕ್ಷನ್‌ಗೆ ಬರತ್ತೆ?" ಎಂದ ದಫೇದಾರ, ಬರೆಯುವ ಮೇಜಿನಿಂದ ತಲೆಯೆತ್ತದೆ. ಏನು ಹೇಳಿದರೂ ಮೊದಲು ಸೆಕ್ಷನ್ ಕೇಳುವ ಈ ಹಳೆಯ ಹುಲಿಗೆ ಠಾಣೆಯವರು 'ಸೆಕ್ಷನ್' ಎಂದೇ ಹೆಸರಿಟ್ಟಿದ್ದರು. ಅವನಿಗೂ ಅದು ಗೊತ್ತಿತ್ತು, ಬಿರುದು ಸಿಕ್ಕಿದವನ ಹಾಗೆ ಓಡಾಡಿಕೊಂಡಿದ್ದ.

ಇನ್ಸ್‌ಪೆಕ್ಟರ್ ಮಾಲೀಕನನ್ನು ಕೂರಿಸಿ ನೀರು ಕೊಡಿಸಿದರು. ಆಗಿದ್ದು ಇಷ್ಟು. ಶನಿವಾರ ಸಂಜೆ ಲ್ಯಾಬ್ ಮುಚ್ಚಿದಾಗ ಎಲ್ಲವೂ ಸರಿಯಿತ್ತು. ಭಾನುವಾರ ರಜೆ. ಇವತ್ತು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ, ಹಳೆಯ ವರದಿಗಳಲ್ಲಿ ಯಾವುದನ್ನು ತೆರೆದರೂ ಒಳಗೆ ಒಂದೇ ಸಾಲು. ಹೆಸರಿಲ್ಲ, ಅಂಕಿಯಿಲ್ಲ. "ಯಾವ ದೋಷವೂ ಕಂಡುಬಂದಿಲ್ಲ" ಅಷ್ಟೇ.

"ಯಾರ ಮೇಲಾದ್ರೂ ಅನುಮಾನ?"

"ಎದುರಿನ ಲ್ಯಾಬಿನೋನು. ಅವನಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು. ಬಿಡಬೇಡಿ ಸಾರ್ ಅವನನ್ನ. ಎಫ್‌ಐಆರ್ ಹಾಕಿ, ಈಗಲೇ ಹಾಕಿ."

ದೂರು ಬರೆದುಕೊಟ್ಟ. ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಳ್ಳುವಾಗ ಮಾಲೀಕನ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು.

ಪೊಲೀಸರು ಹೋದಾಗ ಲ್ಯಾಬಿನ ಮುಂಗಟ್ಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಎದುರಿನ ಟಿವಿಯಲ್ಲಿ ಸಾಮಾನ್ಯವಾಗಿ ಹೊಸ ಯಂತ್ರಗಳ ಚಿತ್ರ, ಮಾಲೀಕ ಯಾರಿಗೋ ಹೂಗುಚ್ಛ ಕೊಡುವ ಚಿತ್ರ ಒಂದಾದ ಮೇಲೊಂದು ಬರುತ್ತಿದ್ದವಂತೆ. ಈಗ ಚಿತ್ರ ಬದಲಾದಾಗಲೆಲ್ಲ ಅದೇ ಸಾಲು ಬರುತ್ತಿತ್ತು. ಕೆಮ್ಮುತ್ತಿದ್ದ ಮುದುಕನೊಬ್ಬ, "ಪರೀಕ್ಷೆ ಮಾಡೋಕೂ ಮುಂಚೆನೇ ವಾಸಿ ಮಾಡ್ಬಿಟ್ರಲ್ಲಪ್ಪ" ಅಂದ. ನಾಲ್ಕು ಜನ ನಕ್ಕರು. ಮಾಲೀಕ ರಿಮೋಟ್ ಹುಡುಕಿ ಟಿವಿ ಆರಿಸಿದ.

ಒಳಗಿನ ಕಂಪ್ಯೂಟರ್ ಕೋಣೆಯಲ್ಲಿ ಮೂರು ಮೇಜು, ಮೂರು ಯಂತ್ರ. ಇನ್ಸ್‌ಪೆಕ್ಟರ್ ಜೊತೆ ಬಂದಿದ್ದ ಮಹಿಳಾ ಪೇದೆ ಮೌಸ್ ಹಿಡಿದಳು. ಇಲಾಖೆ ಎಲ್ಲರಿಗೂ ಕಡ್ಡಾಯ ಮಾಡಿದ್ದ ಕಂಪ್ಯೂಟರ್ ತರಬೇತಿಯನ್ನು ಠಾಣೆಯಲ್ಲಿ ನಿದ್ದೆ ಮಾಡದೆ ಮುಗಿಸಿದವಳು ಅವಳೊಬ್ಬಳೇ. ವರದಿ ಬರೆಯುವ ವರ್ಡ್ ಪ್ರೊಸೆಸರ್ ತೆರೆದಳು: ಆ ಸಾಲು. ರೋಗಿಗಳ ಸರದಿ ಹಾಕಿದ್ದ ಸ್ಪ್ರೆಡ್‌ಶೀಟ್ ತೆರೆದಳು: ಪ್ರತಿ ಚೌಕದಲ್ಲೂ ಆ ಸಾಲು, ಕೆಳಗೆ ಕೆಳಗೆ ಎಷ್ಟು ಇಳಿದರೂ ಅದೇ. ಸ್ಲೈಡುಗಳ ಗತಿಯನ್ನು ಹೊರಗಿನ ಟಿವಿಯಲ್ಲೇ ನೋಡಿಯಾಗಿತ್ತು. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಮಾಲೀಕನದೇ ದೊಡ್ಡ ಭಾವಚಿತ್ರ ತೆರೆದುಕೊಂಡಿತು, ಎದೆಯ ಮೇಲೆ ಪದಕದ ಹಾಗೆ ಆ ಸಾಲು. ಲ್ಯಾಬಿನ ಇಮೇಲ್‌ಗೆ ಯಾರು ಏನು ಬರೆದರೂ ತಾನಾಗಿ ಹೋಗುವ ಉತ್ತರವೂ ಅದೇ ಆಗಿತ್ತು.

"ವೈರಸ್ಸಾ?" ಎಂದರು ಇನ್ಸ್‌ಪೆಕ್ಟರ್.

"ಅಲ್ಲ ಸಾರ್. ಆಂಟಿವೈರಸ್ ಸುಮ್ಮನಿದೆ. ಯಾರೋ ಇಲ್ಲೇ ಕೂತು ಮಾಡಿದಾರೆ."

ಇನ್ನೊಂದು ವಿಚಿತ್ರವಿತ್ತು. ಸೋಮವಾರ ಕೊಡಬೇಕಾಗಿದ್ದ ವರದಿಗಳೆಲ್ಲ ಅಚ್ಚಾಗಿ, ಲಕೋಟೆಯೊಳಗೆ ಸೇರಿ, ಹೆಸರು ಬರೆಸಿಕೊಂಡು ಕೌಂಟರಿನ ಮೇಲೆ ಸಾಲಾಗಿ ಕೂತಿದ್ದವು. ಲ್ಯಾಬಿನ ಟೈಪಿಸ್ಟ್ ಒಂದೊಂದನ್ನೂ ಪರೀಕ್ಷಾ ಯಂತ್ರಗಳಲ್ಲಿ ಉಳಿದಿದ್ದ ಅಂಕಿಯ ಜೊತೆ ತಾಳೆ ನೋಡಿದ. ಒಂದೂ ತಪ್ಪಿರಲಿಲ್ಲ.

"ಕೈ ಕಡಿದೋನೇ ಪಟ್ಟಿನೂ ಕಟ್ಟಿ ಹೋಗಿದಾನೆ," ಎಂದರು ಇನ್ಸ್‌ಪೆಕ್ಟರ್. ಅವರಿಗೆ ಇದು ಹಿಡಿಸಲಿಲ್ಲ. ಎದುರಿನ ಲ್ಯಾಬಿನವನು ಹೊಟ್ಟೆಕಿಚ್ಚಿಗೆ ಮಾಡಿದ್ದರೆ ಇವನ ರೋಗಿಗಳ ಲಕೋಟೆಗೆ ಅಂಟು ಹಚ್ಚುತ್ತ ಕೂರುತ್ತಿದ್ದನೇ?

ದಫೇದಾರ ಪಂಚರಿಬ್ಬರ ಎದುರು ಪಂಚನಾಮೆ ಬರೆಯತೊಡಗಿದ. ಬಾಗಿಲಿಗೆ ಹಾನಿಯಿಲ್ಲ, ಬೀಗ ಮುರಿದಿಲ್ಲ, ಕುರ್ಚಿಗಳನ್ನು ಮೇಜಿನೊಳಕ್ಕೆ ದೂಡಿಡಲಾಗಿದೆ. ಟೈಪಿಸ್ಟ್ ಒಂದು ಮಾತು ಸೇರಿಸಿದ. ಬೆಳಿಗ್ಗೆ ಬಂದಾಗ ಮೂರೂ ಯಂತ್ರಗಳ ಮೇಲೆ ಧೂಳಿನ ಹೊದಿಕೆ ಇತ್ತಂತೆ.

"ಅದರಲ್ಲೇನಿದೆ?"

"ನಾವು ಯಾವತ್ತೂ ಹಾಕಲ್ಲ ಸಾರ್. ಡ್ರಾಯರ್‌ನಲ್ಲಿ ಬಿದ್ದಿರತ್ತೆ."

ಮಹಿಳಾ ಪೇದೆ ಹೊದಿಕೆಯನ್ನು ಕೈಗೆತ್ತಿಕೊಂಡು ಒಮ್ಮೆ ನೋಡಿ ಕೆಳಗಿಟ್ಟಳು.

"ಯಂತ್ರಗಳನ್ನ ಸೀಲ್ ಮಾಡಿ," ಎಂದರು ಇನ್ಸ್‌ಪೆಕ್ಟರ್.

ಮಾಲೀಕ ತಡಬಡಿಸಿ ಮುಂದೆ ಬಂದ. "ಯಂತ್ರ ಯಾಕೆ ಸಾರ್? ಕಳ್ಳನ್ನ ಹಿಡಿದ್ರೆ ಸಾಕಲ್ಲ?"

"ಕಳ್ಳ ಇದರೊಳಗೇ ಅಲ್ವಾ ಓಡಾಡಿರೋದು? ವಿಧಿವಿಜ್ಞಾನದೋರಿಗೆ ಕಳಿಸಬೇಕು."

"ಎರಡು ತಗೊಂಡು ಹೋಗಿ. ಆ ಮೂಲೇದು ಬಿಡಿ. ಅದು ನನ್ನ ಸ್ವಂತದ್ದು."

"ಅದನ್ನೂ ಹಾಳು ಮಾಡಿದಾರಲ್ಲ?"

"ಹಾಗಲ್ಲ..." ಮಾಲೀಕ ಹಣೆ ಒರೆಸಿಕೊಂಡ. "ದೂರು ವಾಪಸ್ ತಗೊಂಡ್ರೆ ಹೇಗೆ ಸಾರ್? ನಾನೇ ಹೇಗೋ ಸರಿ ಮಾಡಿಸ್ಕೋತೀನಿ. ನಿಮಗ್ಯಾಕೆ ತೊಂದರೆ?"

"ಎಫ್‌ಐಆರ್ ಆದ್ಮೇಲೆ ವಾಪಸ್ ಅನ್ನೋ ಸೆಕ್ಷನ್ ಇಲ್ಲ," ಎಂದ ದಫೇದಾರ, ಅರಗು ಕಾಯಿಸುತ್ತ.

ಒಂದು ಗಂಟೆಯ ಹಿಂದೆ ಈಗಲೇ ಹಾಕಿ ಎಂದು ಕುಣಿದವನು ಈಗ ಬೇಡ ಎನ್ನುತ್ತಿದ್ದಾನೆ. ಇನ್ಸ್‌ಪೆಕ್ಟರ್ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. ಮೂಲೆಯ ಯಂತ್ರಕ್ಕೇ ಮೊದಲು ಸೀಲ್ ಬಿತ್ತು.

ಮಧ್ಯಾಹ್ನ ಲ್ಯಾಬಿನಲ್ಲೇ ವಿಚಾರಣೆ. ಎದುರಿನ ಲ್ಯಾಬಿನವನು ಭಾನುವಾರವಿಡೀ ಮಗಳ ಮನೆಯಲ್ಲಿದ್ದ. ಅಲ್ಲಿ ಹದಿನೈದು ಜನ ನೋಡಿದ್ದರು. ಮುಂದಿನವನು ಟೈಪಿಸ್ಟ್. ಇನ್ನೂ ಮೂವತ್ತಾಗದ ಆಸಾಮಿ, ಎದುರಿಗೆ ಕೂತು ಬೆರಳುಗಳನ್ನು ಒಂದಕ್ಕೊಂದು ಹೆಣೆಯುತ್ತಿದ್ದ.

"ವರದಿ ಹೇಗೆ ತಯಾರು ಮಾಡ್ತೀಯ?"

"ಹಿಂದಿನೋರ ವರದಿ ತೆಗೀತೀನಿ ಸಾರ್. ಹೆಸರು, ವಯಸ್ಸು, ಅಂಕಿ ಬದಲಾಯಿಸ್ತೀನಿ. ಬೇರೆ ಹೆಸರಲ್ಲಿ ಸೇವ್ ಮಾಡ್ತೀನಿ."

"ಖಾಲಿ ಫೈಲ್ ತೆಗೆಯಲ್ವಾ?" ಎಂದಳು ಪೇದೆ.

"ಅಷ್ಟು ಪುರುಸೊತ್ತು ಎಲ್ಲಿ ಮೇಡಂ? ಎಲ್ಲ ಹೊಸದಾಗಿ ಹೊಡೆಯೋಕೆ ಹೋದ್ರೆ ಬೆನ್ನು ಮುರಿದು ಹೋಗತ್ತೆ."

"ಏನಾದ್ರೂ ಬದಲಾಯಿಸೋದು ಮರೆತ್ರೆ?"

ಟೈಪಿಸ್ಟ್ ಮಾಲೀಕನ ಕೋಣೆಯ ಕಡೆ ನೋಡಿದ. "ಮರೆಯಲ್ಲ," ಅಂದ. ಆದರೆ ಹೆಣೆದ ಬೆರಳುಗಳು ಬಿಳಿಚಿಕೊಂಡಿದ್ದವು.

ಆಮೇಲೆ ನೆಲ ಒರೆಸುವ ಆಯಾ. ಭಾನುವಾರ ಮಧ್ಯಾಹ್ನ ಲ್ಯಾಬ್ ತೆರೆದು ಗುಡಿಸಿ ಒರೆಸುವವಳು ಅವಳೊಬ್ಬಳೇ.

"ನಿನ್ನೆ ಹೊರಗಿನೋರು ಯಾರು ಬಂದಿದ್ರು?"

"ಯಾರೂ ಇಲ್ಲ ಸಾರ್."

"ಸರಿಯಾಗಿ ನೆನಪು ಮಾಡ್ಕೊ."

"ಹೊರಗಿನೋರು ಒಂದು ನರಪಿಳ್ಳೆನೂ ಬಂದಿಲ್ಲ. ನನ್ನ ಮಕ್ಕಳಾಣೆ." ಅವಳ ದನಿಯಲ್ಲಿ ಅಳುಕಿರಲಿಲ್ಲ. ಸುಳ್ಳು ಹೇಳುವವರನ್ನು ಇಪ್ಪತ್ತು ವರ್ಷದಿಂದ ನೋಡಿದ್ದ ಇನ್ಸ್‌ಪೆಕ್ಟರಿಗೆ ಇವಳು ನಿಜ ಹೇಳುತ್ತಿದ್ದಾಳೆ ಅನ್ನಿಸಿತು. ಹಾಗಾದರೆ ಮಾಡಿದ್ದು ಗಾಳಿಯೇ?

ಗುರುವಾರ ಸಂಜೆ ವಿಧಿವಿಜ್ಞಾನದ ತಜ್ಞನೇ ಠಾಣೆಗೆ ಬಂದ. ದಪ್ಪ ಕನ್ನಡಕದ, ಮಾತಿನ ನಡುವೆ ತಾನೇ ತಲೆದೂಗುವ ಮನುಷ್ಯ.

"ಇಂಥ ಅಪರಾಧಿನ ನಾನು ನೋಡಿಲ್ಲ ಸಾರ್. ಭಾನುವಾರ ಎರಡು ಗಂಟೆ ಸುಮಾರಿಗೆ ಯಂತ್ರ ಹಾಕಿದಾರೆ. ಹೊರಗಿನ ಡ್ರೈವ್ ಜೋಡಿಸಿದಾರೆ. ಮೊದಲು ಮಾಡಿದ ಕೆಲಸ ಏನು ಹೇಳಿ?"

"ಅಳಿಸಿದ್ದು."

"ಅಲ್ಲ! ಪೂರ್ತಿ ಬ್ಯಾಕಪ್ ತಗೊಂಡಿದ್ದು. ಒಂದು ಫೈಲೂ ಬಿಡದ ಹಾಗೆ ಪ್ರತಿ. ಅದಾದ್ಮೇಲೆ ಮಾರನೇ ದಿನದ ವರದಿಗಳ ಪ್ರಿಂಟು. ಆಮೇಲೆ ಹಾಳು ಮಾಡೋಕೆ ಶುರು. ಮೊದಲು ವರ್ಡ್, ಆಮೇಲೆ ಸ್ಪ್ರೆಡ್‌ಶೀಟು, ಸ್ಲೈಡು, ಫೋಟೊ, ಕೊನೆಗೆ ಇಮೇಲು. ಹಿಂದೆ ಮುಂದೆ ಇಲ್ಲ, ಒಂದು ಮುಗಿಸಿ ಇನ್ನೊಂದು. ಮುಗಿದ ಮೇಲೆ ಎಲ್ಲ ಪ್ರೋಗ್ರಾಂ ಮುಚ್ಚಿ, ಡ್ರೈವನ್ನ ಕಿತ್ತುಕೊಳ್ಳದೆ, ತೆಗೆಯಬಹುದು ಅಂತ ಯಂತ್ರ ಹೇಳೋವರೆಗೂ ಕಾದು ತೆಗೆದಿದಾರೆ. ಯಾವ ಕಳ್ಳ ಸಾರ್ ಅಷ್ಟು ಕಾಯ್ತಾನೆ?"

ಮಹಿಳಾ ಪೇದೆ ಗೋಡೆಗೆ ಒರಗಿ ನಿಂತಿದ್ದವಳು ನೆಟ್ಟಗಾದಳು.

"ಇನ್ನೊಂದು," ಎಂದ ತಜ್ಞ. "ಎಲ್ಲ ವರದಿ ಹಾಳು ಮಾಡಿದಾರೆ. ಒಂದನ್ನ ಮುಟ್ಟಿಲ್ಲ. ಮೂಲೆ ಯಂತ್ರದಲ್ಲಿತ್ತು."

ಹಾಳೆಯನ್ನು ಮುಂದೆ ಸರಿಸಿದ. ಇಪ್ಪತ್ತೇಳು ವರ್ಷದ ಹೆಣ್ಣುಮಗಳೊಬ್ಬಳ ಎದೆಯ ಗಂಟಿನ ತುಣುಕಿನ ಪರೀಕ್ಷೆ. ಹೋದ ವರ್ಷದ ತಾರೀಕು. ಕ್ಯಾನ್ಸರ್ ಇದೆ, ತಕ್ಷಣ ಚಿಕಿತ್ಸೆ ಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು.

"ಸರಿಯಾಗೇ ಇದೆಯಲ್ಲ?"

"ಇದನ್ನ ಕೊನೆಗೆ ತಿದ್ದಿರೋದು ವರದಿಯ ತಾರೀಕಿಗೆ ಹತ್ತು ತಿಂಗಳಾದ್ಮೇಲೆ. ಮಾಲೀಕರ ಲಾಗಿನ್‌ನಿಂದ. ವರ್ಡ್ ಪ್ರೊಸೆಸರ್ ಕೆಲಸ ಮಾಡುವಾಗ ತಾನೇ ಒಂದು ಪ್ರತಿ ಮೂಲೇಲಿ ಇಟ್ಕೊಂಡಿರತ್ತೆ, ಕರೆಂಟ್ ಹೋದ್ರೆ ಬೇಕಾಗತ್ತೆ ಅಂತ. ಹುಡುಕಿದೆ, ಸಿಕ್ತು. ತಿದ್ದೋಕೆ ಮುಂಚೆ ಆ ಜಾಗದಲ್ಲಿ ಏನಿತ್ತು ಗೊತ್ತಾ?"

ಲ್ಯಾಬಿನ ಟಿವಿಯಲ್ಲಿ ಕಂಡ ಅದೇ ಸಾಲು. ಅದರ ಹಿಂದಿನ ರೋಗಿಯ ವರದಿಯ ಕೊನೆಯ ಸಾಲು ಬದಲಾಗದೆ ಹಾಗೇ ಉಳಿದುಬಿಟ್ಟಿತ್ತು.

ಇನ್ಸ್‌ಪೆಕ್ಟರ್ ಹಾಳೆಯ ಮೇಲಿನ ಹೆಸರಿಗೆ ಬೆರಳಿಟ್ಟರು. ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೆ ಎಂದು ಕೇಳಿದರು. ಪೇದೆ ಮರಣ ನೋಂದಣಿ ಕಚೇರಿಗೆ ಫೋನು ಮಾಡಿದಳು. ಸತ್ತು ಐದು ತಿಂಗಳಾಗಿತ್ತು. ಸುದ್ದಿ ಬರೆಸಿದವರು ಅಕ್ಕ. ಅಕ್ಕನ ಉದ್ಯೋಗ ಕೇಳಿ ಪೇದೆ ಫೋನನ್ನು ಮೆಲ್ಲಗೆ ಇಟ್ಟಳು.

"ಸಾರ್, ನಂಗೆ ಸೋಮವಾರವೇ ಅನುಮಾನ ಬಂದಿತ್ತು. ಆ ಹೊದಿಕೆ ನೋಡಿದಾಗ. ಹೇಳೋಕೆ ಬಾಯಿ ಬರಲಿಲ್ಲ."

"ಯಾರು?"

"ನಮಗೆಲ್ಲ ಕಂಪ್ಯೂಟರ್ ಕಲಿಸಿದ ಟೀಚರ್. ಅವರ ಪಾಠಗಳು ಇದೇ ಕ್ರಮದಲ್ಲಿ ಇರೋದು, ಮೊದಲು ವರ್ಡ್, ಕೊನೆಗೆ ಇಮೇಲ್. ಅಳಿಸೋಕೆ ಮುಂಚೆ ಪ್ರತಿ ತೆಗೀರಿ ಅಂತ ದಿನಾ ಹೇಳೋರು. ಹೊದಿಕೆ ಹಾಕದೆ ಎದ್ದವರನ್ನ ಬಾಗಿಲಿಂದ ವಾಪಸ್ ಕರೆಸೋರು. ನನ್ನನ್ನೂ ಕರೆಸಿದಾರೆ."

ಆಯಾಳನ್ನು ಮತ್ತೆ ಕರೆಸಲಾಯಿತು.

"ಭಾನುವಾರ ಟೀಚರ್ ಬಂದಿದ್ರಾ?"

"ಬಂದಿದ್ರು ಸಾರ್. ಎರಡು ವರ್ಷದ ಹಿಂದೆ ಲ್ಯಾಬಿನೋರಿಗೆಲ್ಲ ಪಾಠ ಮಾಡೋಕೆ ಬರ್ತಿದ್ರಲ್ಲ, ಅವರೇ. ಮಿಷನ್ ನೋಡಬೇಕು ಅಂದ್ರು, ಬಿಟ್ಟೆ."

"ಮತ್ತೆ ಅವತ್ತು ಯಾರೂ ಬಂದಿಲ್ಲ ಅಂದೆ?"

"ಹೊರಗಿನೋರು ಬಂದ್ರಾ ಅಂತ ಕೇಳಿದ್ರಿ. ಟೀಚರ್ ಹೊರಗಿನೋರಾ?" ಆಯಾ ನಿಜವಾಗಿಯೂ ತಬ್ಬಿಬ್ಬಾಗಿದ್ದಳು. "ನಂಗೆ ಫೋನಲ್ಲಿ ಮಗನ ಮುಖ ನೋಡ್ತಾ ಮಾತಾಡೋದು ಕಲಿಸಿಕೊಟ್ಟೋರು ಅವರು."

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್, ಪೇದೆ ಇಬ್ಬರೂ ತರಬೇತಿ ಕೇಂದ್ರಕ್ಕೆ ಹೋದರು. ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆ, ಚಪ್ಪಲಿ ಹೊರಗೆ. ಒಳಗೆ ನಿವೃತ್ತರು, ಗೃಹಿಣಿಯರು, ಒಬ್ಬ ಅಂಚೆಯಣ್ಣ. ಟೀಚರ್ ನಲವತ್ತರ ಆಚೆಯ ತೆಳ್ಳನೆಯ ಹೆಂಗಸು, ಬಾಗಿಲಲ್ಲಿ ಖಾಕಿ ಕಂಡರೂ ಮಾತು ನಿಲ್ಲಿಸಲಿಲ್ಲ.

"ಮನೇಲಿ ಸೌಟಿದೆ ಅಂತ ಅದರಲ್ಲಿ ತರಕಾರಿ ಹೆಚ್ಚಲ್ಲ, ಅಲ್ವಾ? ಇಲ್ಲೂ ಹಾಗೇ. ಪತ್ರ ಬರೆಯೋಕೆ ವರ್ಡ್ ಪ್ರೊಸೆಸರ್. ಕೂಡಿ ಕಳೆಯೋಕೆ ಸ್ಪ್ರೆಡ್‌ಶೀಟ್. ಹತ್ತು ಜನಕ್ಕೆ ತೋರಿಸೋಕೆ ಸ್ಲೈಡು. ಸಾವಿರಾರು ಜನರ ವಿವರ ಒಬ್ಬರದ್ದು ಇನ್ನೊಬ್ಬರಿಗೆ ಸೇರದ ಹಾಗೆ ಇಡಬೇಕಾದ್ರೆ ಡೇಟಾಬೇಸ್. ಅದರಲ್ಲಿ ಒಬ್ಬೊಬ್ಬರಿಗೂ ಅವರದ್ದೇ ಖಾನೆ, ಖಾನೆ ಖಾಲಿ ಬಿಟ್ರೆ ಯಂತ್ರ ಮುಂದಕ್ಕೆ ಬಿಡಲ್ಲ. ಡೇಟಾಬೇಸ್ ಮಾಡೋ ಕೆಲಸಕ್ಕೆ ವರ್ಡ್ ಹಚ್ಚಿದ್ರೆ..." ಅಲ್ಲಿಗೆ ನಿಲ್ಲಿಸಿದರು. "ಇವತ್ತಿಗೆ ಸಾಕು. ಎಲ್ಲ ಮುಚ್ಚಿ, ಹೊದಿಕೆ ಹಾಕಿ ಹೊರಡಿ. ಅಂಚೆಯಣ್ಣ, ನಿಮಗೂ ಹೇಳಿದ್ದು."

ಕೋಣೆ ಖಾಲಿಯಾಯಿತು. ಟೀಚರ್ ಕಪಾಟಿನಿಂದ ಕರಿಯ ಡ್ರೈವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲ ಇದೆ ಇದರಲ್ಲಿ. ಯಾವ ರೋಗಿಯ ಒಂದು ಅಕ್ಷರವೂ ಹೋಗಿಲ್ಲ. ನಾಲ್ಕು ದಿನ ತಗೊಂಡ್ರಿ. ನಾನು ಮಂಗಳವಾರವೇ ಬರ್ತೀರ ಅಂತಿದ್ದೆ."

"ನೀವೇ ಮಾಡಿದ್ದಾ?"

"ನಾನೇ."

"ಯಾರ ಸಹಾಯ?"

"ಯಾರೂ ಇಲ್ಲ. ಆಯಾಗೆ ಏನೂ ಗೊತ್ತಿಲ್ಲ. ಅವಳನ್ನ ಎಳೀಬೇಡಿ."

"ಓಡಿಹೋಗಬಹುದಿತ್ತಲ್ಲ?"

"ಓಡಿಹೋಗೋಕೆ ಮಾಡಿದ್ದಲ್ಲ ಸಾರ್." ಪೇದೆಯ ಕಡೆ ತಿರುಗಿದರು. "ಚೆನ್ನಾಗಿದೀಯೇನಮ್ಮ?"

ಪೇದೆ ತಲೆ ತಗ್ಗಿಸಿ ಹೂಂ ಅಂದಳು. ಹನ್ನೊಂದೂಮುಕ್ಕಾಲಿಗೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಪೇದೆ ಟೈಪ್ ಮಾಡಲು ಕೂತಳು. ದಫೇದಾರ ಟೀ ತರಿಸಲು ಎದ್ದವನು ಟೀಚರನ್ನು ಕಂಡು ಅರ್ಧಕ್ಕೇ ಕೂತುಬಿಟ್ಟ.

"ನಿಮ್ಮ ತಂಗಿ ವಿಷಯ ಹೇಳಿ," ಎಂದರು ಇನ್ಸ್‌ಪೆಕ್ಟರ್.

"ನಂಗಿಂತ ಹದಿನಾಲ್ಕು ವರ್ಷ ಚಿಕ್ಕೋಳು. ಅಮ್ಮ ಹೋದ್ಮೇಲೆ ನಾನೇ ಸಾಕಿದ್ದು. ಗಂಟು ಅಂದ್ಲು, ಲ್ಯಾಬಿಗೆ ಕರ್ಕೊಂಡು ಹೋದೆ. ನನ್ನ ಹತ್ರ ಕಲಿತ ಟೈಪಿಸ್ಟು, ನಾನು ನಂಬಿರೋ ಲ್ಯಾಬು. ವರದಿ ಬಂತು. ಮನೇಲಿ ಅವತ್ತು ಸಿಹಿ ಮಾಡಿದ್ವಿ. ಎಂಟು ತಿಂಗಳಾದ್ಮೇಲೆ ಬೇರೆ ಕಡೆ ತೋರಿಸೋ ಹೊತ್ತಿಗೆ ಮೂಳೆಗೆಲ್ಲ ಹರಡಿತ್ತು. ಆಮೇಲೆ ಏಳು ವಾರ ಇದ್ಲು, ಅಷ್ಟೇ."

"ಮಾಲೀಕನನ್ನ ಕೇಳಿದ್ರಾ?"

"ಹೋದೆ. ವರದಿ ಮುಂದಿಟ್ಟೆ. ಎರಡು ದಿನ ಬಿಟ್ಟು ಬನ್ನಿ ಅಂದ. ಹೋದ್ರೆ, ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸ್ದ. ಕ್ಯಾನ್ಸರ್ ಅಂತ ಬರೆದಿದೆ ಅದರಲ್ಲಿ! ನಾವು ಸರಿಯಾಗೇ ಕೊಟ್ಟಿದೀವಿ ಅಂದ. ಹಾಗಾದ್ರೆ ನನ್ನ ಕೈಯಲ್ಲಿರೋ ಕಾಗದ ಏನು ಅಂದೆ. ನಗ್ತಾ ಹೇಳಿದ ಸಾರ್, 'ನೀವು ಕಂಪ್ಯೂಟರ್ ಟೀಚರ್, ಮನೇಲಿ ಕೂತು ಇಂಥವು ನೂರು ಟೈಪ್ ಮಾಡ್ಕೋಬಹುದು' ಅಂತ. ತಂಗೀನ ಕಳ್ಕೊಂಡು ತಿಂಗಳೂ ಆಗಿರಲಿಲ್ಲ. ನನ್ನ ವಿದ್ಯೆನೇ ನನ್ನ ಕುತ್ತಿಗೆಗೆ ಹಾಕ್ದ."

"ಠಾಣೆಗೆ ಬರಬೇಕಿತ್ತು."

ಟೀಚರ್ ದಫೇದಾರನ ಕಡೆ ನೋಡಿದರು. ಅವನು ಮೇಜಿನ ಮೇಲಿನ ಸೀಸದ ಕಡ್ಡಿಯನ್ನು ಅತ್ತಿತ್ತ ಉರುಳಿಸುತ್ತಿದ್ದ.

"ಬಂದಿದ್ರು ಸಾರ್," ಎಂದ ಕೊನೆಗೆ. "ಯಾವ ಸೆಕ್ಷನ್‌ಗೂ ಕೂರಲ್ಲ ಅಂದೆ. ಅವರ ಕಂಪ್ಯೂಟರ್‌ನಲ್ಲಿ ಬೇರೆ ಥರ ಇದೆಯಂತಲ್ಲ ಅಂತ ಕಳಿಸಿದೆ."

ಇನ್ಸ್‌ಪೆಕ್ಟರ್ ಕುರ್ಚಿಯನ್ನು ಟೀಚರ್ ಕಡೆಗೆ ತಿರುಗಿಸಿಕೊಂಡರು.

"ಸುಮ್ಮನೆ ಆ ಫೈಲ್ ಒಂದನ್ನೇ ಪ್ರತಿ ಮಾಡ್ಕೊಂಡು ಬಂದಿದ್ರೆ ಆಗ್ತಿರಲಿಲ್ವಾ ಅಮ್ಮಾ?"

"ನನ್ನ ಕೈಯಿಂದ ಏನು ಬಂದ್ರೂ ಸುಳ್ಳು ಅಂತಾರೆ. ಟೀಚರ್ ತಾನೇ, ಮಾಡ್ಕೊಂಡಿರ್ತಾಳೆ ಅಂತಾರೆ. ಅದು ಅವನ ಮೇಜಿನಿಂದ, ಪಂಚರ ಮುಂದೆ, ನಿಮ್ಮ ಕೈಯಲ್ಲಿ, ಸೀಲ್ ಆಗಿ ಬರಬೇಕಿತ್ತು. ನನ್ನ ದೂರು ನೀವು ತಗೊಳ್ಳಲಿಲ್ಲ. ಅವನ ದೂರು ತಗೋತೀರ ಅಂತ ಗೊತ್ತಿತ್ತು. ಅದಕ್ಕೆ ಅವನ ಕೈಯಲ್ಲೇ ಕೊಡಿಸಿದೆ. ಓಡಿ ಬಂದು ತನ್ನ ಹಗ್ಗ ತಾನೇ ತಂದುಕೊಟ್ಟ." ಟೀಚರ್ ಮುಂದಕ್ಕೆ ಬಾಗಿದರು. ಕಣ್ಣು ಹೊಳೆಯುತ್ತಿತ್ತು. "ಸೋಮವಾರ ಬೆಳಿಗ್ಗೆ, ನೀವು ಬರೋ ಮುಂಚೆ, ನಾನೂ ಅಲ್ಲೇ ಇದ್ದೆ ಸಾರ್. ತಲೆ ತುಂಬ ಸೆರಗು ಹೊದ್ದು, ಚೀಟಿ ತಗೊಂಡು ರೋಗಿಗಳ ಮಧ್ಯ ಕೂತಿದ್ದೆ. ಟಿವಿ ಹಾಕ್ದಾಗ ಅವನ ಮುಖ ನೋಡಬೇಕಿತ್ತು ನಂಗೆ. ಆ ಸಾಲು ಅವನ ಎದೆ ಮೇಲೆ ಕೂರಬೇಕಿತ್ತು. ಕೂತಿತು."

"ತಪ್ಪು ಅನ್ನಿಸಲ್ವಾ?"

"ಇಲ್ಲ. ಇನ್ನೊಂದು ಸಲ ಬೇಕಾದ್ರೂ ಮಾಡ್ತೀನಿ."

ಇನ್ಸ್‌ಪೆಕ್ಟರ್ ದಫೇದಾರನಿಗೆ ಹೊಸ ಎಫ್‌ಐಆರ್ ತೆಗೆಯಲು ಹೇಳಿದರು. ಆರೋಪಿ ಲ್ಯಾಬಿನ ಮಾಲೀಕ. ದಾಖಲೆ ತಿದ್ದಿದ್ದು, ನಿರ್ಲಕ್ಷ್ಯದಿಂದ ಸಾವು. ದಫೇದಾರ ಈ ಸಲ ಸೆಕ್ಷನ್ ಕೇಳಲಿಲ್ಲ, ತಾನೇ ಹುಡುಕಿ ಬರೆದ. ನಾಲ್ಕು ಗಂಟೆಗೆ ಜೀಪು ಹೋಯಿತು, ಐದಕ್ಕೆ ಮಾಲೀಕನನ್ನು ಕೂರಿಸಿಕೊಂಡು ಬಂತು. ಒಳಗೆ ಬರುವಾಗ ಅವನು ಕಿರುಚಾಡುತ್ತಿದ್ದ, ದೂರು ಕೊಟ್ಟವನು ನಾನು, ದೂರು ಕೊಟ್ಟವನು ನಾನು ಎಂದು. ಟೈಪಿಸ್ಟ್ ಅವನ ಹಿಂದೆಯೇ ಬಂದು, ಯಾರೂ ಕೇಳುವ ಮೊದಲೇ, ಅವತ್ತು ಸಾಲು ಬದಲಾಯಿಸಲು ಮರೆತವನು ತಾನು ಎಂದು ಹೇಳಿ ಅತ್ತ.

ಗೋಡೆಯ ಆಚೆಯಿಂದ ಇದೆಲ್ಲ ಟೀಚರಿಗೆ ಕೇಳಿಸಿತು. ಇನ್ಸ್‌ಪೆಕ್ಟರ್ ಹೇಳಿಕೆಯ ಕೊನೆಯ ಭಾಗ ಮುಗಿಸಲು ಬಂದಾಗ ಅವರು ಮುಂಚಿನ ಹಾಗೇ ಕೂತಿದ್ದರು. ಕಣ್ಣಿನ ಹೊಳಪು ಮಾತ್ರ ಹೋಗಿತ್ತು.

"ಕೇಳಿಸ್ತಲ್ಲ? ಈಗ ಸಮಾಧಾನ ಆಯ್ತಾ?"

"ಸೋಮವಾರ ಆಗಿತ್ತು. ಬಸ್ಸು ಹತ್ತೋ ಹೊತ್ತಿಗೆ ಹೋಯ್ತು." ಟೀಚರ್ ಮಾಲೀಕನಿದ್ದ ಗೋಡೆಯ ಕಡೆ ಕೈ ತೋರಿಸಿದರು. "ಅವನು ಸುಳ್ಳು ಹೇಳಿದ್ದು ನಂಗೆ ಸಾರ್. ಅವಳಿಗಲ್ಲ. ಆ ಎಂಟು ತಿಂಗಳು ಅವಳು ನೋವು ಅಂತಿದ್ಲು. ಬೆನ್ನು ನೋವು, ಏಳೋಕಾಗಲ್ಲ ಅಂತಿದ್ಲು. ನಾನು ವರದಿ ಎತ್ತಿಕೊಂಡು ಬಂದು ಮುಖಕ್ಕೆ ಹಿಡಿದು ಓದ್ತಿದ್ದೆ. ಯಾವ ದೋಷವೂ ಕಂಡುಬಂದಿಲ್ಲ, ನಾಟಕ ಸಾಕು, ಎದ್ದು ಕೆಲಸಕ್ಕೆ ಹೋಗು. ಪ್ರತಿಸಲ ಓದ್ತಿದ್ದೆ. ಕಡೆಕಡೆಗೆ ಅವಳು ನೋವು ಅನ್ನೋದನ್ನೇ ಬಿಟ್ಲು. ನಿಂಗೆ ಸಿಟ್ಟು ಬರತ್ತಲ್ಲ ಅಕ್ಕ, ಅಂದ್ಲು."

ಕೀಲಿಗಳ ಸದ್ದು ನಿಂತಿತು. ಪೇದೆ ಇನ್ಸ್‌ಪೆಕ್ಟರ್ ಕಡೆ ನೋಡಿದಳು.

"ಇದನ್ನೂ ಹಾಕ್ಬೇಕಾ ಸಾರ್? ಕೇಸಿಗೆ ಬೇಕಾಗಲ್ಲ. ಅಳಿಸಿಬಿಡ್ಲಾ?"

ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಟೀಚರ್ ಹೇಳಿದರು.

"ಬೇಡಮ್ಮ. ಅದು ಇರಲಿ."

ಪೇದೆ ಉಳಿದದ್ದನ್ನೂ ಟೈಪ್ ಮಾಡಿದಳು. ಅಚ್ಚಾಗಿ ಬಂದ ಹಾಳೆಗಳನ್ನು ಟೀಚರ್ ಮೊದಲಿಂದ ಕೊನೆಯವರೆಗೆ ಓದಿ, ಪ್ರತಿ ಪುಟದ ಕೆಳಗೂ ಸಹಿ ಮಾಡಿದರು.